ಪಿಲ್‌ನಮ್ ಅಜ್ಜಿಯ ಕೈಗುಣ

ಸಂಗ್ಜು ಸೀಮೆಯ ಆ ಊರಿನಲ್ಲಿ ಯಾರಿಗಾದರೂ ಹೊಟ್ಟೆ ಹಿಡಿದುಕೊಂಡರೆ ಮೊದಲು ನೆನಪಾಗುತ್ತಿದ್ದದ್ದು ಡಾಕ್ಟರಲ್ಲ, ಪಿಲ್‌ನಮ್ ಅಜ್ಜಿಯ ಸೂಜಿ. ಉಂಡ ತುತ್ತು ಕೆಳಗಿಳಿಯದೆ ಎದೆಗೂಡಿನ ಕೆಳಗೆ ಸಿಕ್ಕಿಕೊಂಡಿತು ಅಂದರೆ ಹೆಬ್ಬೆರಳಿಗೆ ದಾರ ಬಿಗಿದು, ಉಗುರಿನ ಬುಡದಲ್ಲಿ ಚುಚ್ಚಿ, ಒಂದು ಹನಿ ಕಪ್ಪು ರಕ್ತ ತೆಗೆದರೆ ಆಯಿತು. ಆ ಕಡೆಯ ಯಾವ ಮನೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. ಚುಚ್ಚುವುದು ಎಲ್ಲರಿಗೂ ಬರುತ್ತದೆ, ಕೈಗುಣ ಎಲ್ಲರಿಗೂ ಇರುವುದಿಲ್ಲವಲ್ಲ. ಪಿಲ್‌ನಮ್ ಅಜ್ಜಿಗೆ ಅದು ಇದೆಯೆಂದು ಊರು ಹೇಳುತ್ತಿತ್ತು. ಊರು ಹೇಳುವ ಮೊದಲೇ ಅಜ್ಜಿ ನಂಬಿದ್ದಳು.

ಬಾಯಿ ಮಾತ್ರ ಮೆಣಸಿನಕಾಯಿ. ಸೊಸೆ ಯೊನ್ಸಿಲ್ ಆ ಮನೆ ಸೇರಿದ ಮೇಲೆ ಹುಟ್ಟಿದ ಮಗಳು ಬೊಮಿ ಈಗ ದೂರದ ದೇಗು ನಗರದಲ್ಲಿ ಹೆಂಗಸರ ಕೂದಲು ಕತ್ತರಿಸಿ ಸಂಪಾದಿಸುವಷ್ಟು ದೊಡ್ಡವಳಾಗಿದ್ದಾಳೆ. ಅಷ್ಟು ವರ್ಷಗಳಲ್ಲಿ ಅತ್ತೆಯ ಬಾಯಿಂದ "ಸಾರು ಚೆನ್ನಾಗಿದೆ" ಎಂಬ ಮಾತನ್ನು ಸೊಸೆ ಕೇಳಿದ್ದಿಲ್ಲ. "ಉಪ್ಪು ಸಾಲದು" ಎಂದರೆ ಚೆನ್ನಾಗಿದೆ ಎಂದು ತಿಳಿದುಕೊಳ್ಳಬೇಕು. ಏನೂ ಅನ್ನದೆ ಬಟ್ಟಲು ಮುಂದೆ ಚಾಚಿದರೆ ಅದೇ ದೊಡ್ಡ ಬಿರುದು.

ಆ ವರ್ಷ ಸುಗ್ಗಿಯ ಹುಣ್ಣಿಮೆಯ ದಿನ ಹಿರಿಯರಿಗೆ ಎಡೆ ಇಟ್ಟು, ಬಂದವರೆಲ್ಲ ಉಂಡು ಹೋದ ಮೇಲೆ ಯೊನ್ಸಿಲ್ ಅಡುಗೆಮನೆಯ ಗೋಡೆಗೆ ಒರಗಿ ಕುಳಿತುಬಿಟ್ಟಳು. ಹಿಂದಿನ ದಿನದಿಂದ ಎಣ್ಣೆಯ ಬಾಣಲೆ ಮುಂದೆ ಕುಳಿತು ಮೀನಿನ ಬಿಲ್ಲೆ, ಕುಂಬಳದ ಬಿಲ್ಲೆ, ಹಂದಿಮಾಂಸದ ಉಂಡೆ ಕರಿದವಳು ಅವಳೇ. ಮುರಿದದ್ದು, ಸೀದದ್ದು ಎಡೆಗೆ ಬಾರದೆಂದು ತಿಂದವಳೂ ಅವಳೇ. ಬಲಗಡೆಯ ಪಕ್ಕೆಯ ಕೆಳಗೆ ಕೈ ಒತ್ತಿಕೊಂಡಿದ್ದಳು, ಹಣೆಯ ಮೇಲೆ ಬೆವರಿತ್ತು.

"ಏನೇ ಬೊಮಿ ಅಮ್ಮ, ಗೋಡೆಗೆ ಒರಗಿದೀಯ? ಪಾತ್ರೇನ ಗೋಡೆ ತೊಳೆಯತ್ತಾ?"

"ಸ್ವಲ್ಪ ಹೊಟ್ಟೆ ಹಿಡ್ಕೊಂಡಿದೆ ಅತ್ತೆ. ಬೆನ್ನಿಗೂ ಎಳೀತಿದೆ."

"ಮತ್ತೆ ಬಂತಾ? ತಿನ್ನೋವಾಗ ನಿನ್ನ ಯಾರಾದ್ರೂ ಅಟ್ಟಿಸ್ಕೊಂಡು ಬಂದಿದ್ರಾ? ಬಾ ಇಲ್ಲಿ. ಕೈ ಕೊಡು."

ಅಜ್ಜಿ ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಸೊಸೆಯನ್ನು ಕೂರಿಸಿಕೊಂಡಳು. ಮೊದಲು ಬೆನ್ನು ಸವರಬೇಕು, ಕತ್ತಿನಿಂದ ಸೊಂಟದವರೆಗೆ ನಿಧಾನವಾಗಿ, ಮತ್ತೆ ಮತ್ತೆ. ಆಮೇಲೆ ಹೆಗಲಿನಿಂದ ಅಂಗೈವರೆಗೆ ತೋಳನ್ನು ನೀವಿ ನೀವಿ ರಕ್ತವನ್ನೆಲ್ಲ ಬೆರಳಿಗೆ ಇಳಿಸಬೇಕು. ಬೈಯುವ ಬಾಯಿ ಆಗ ಸುಮ್ಮನಿರುತ್ತಿತ್ತು. ಹೊಲದ ಕೆಲಸದಿಂದ ಒರಟಾಗಿದ್ದ ಆ ಕೈ ಆ ಹೊತ್ತಿಗೆ ಎಲ್ಲಿಂದಲೋ ಮೆತ್ತಗಾಗಿಬಿಡುತ್ತಿತ್ತು. ಯೊನ್ಸಿಲ್ ಕಣ್ಣು ಮುಚ್ಚಿಕೊಂಡಳು. ದಾರ ಸುತ್ತಿ, ಸೂಜಿಯನ್ನು ತನ್ನ ಬಿಳಿಗೂದಲಿಗೆ ಉಜ್ಜಿ, ಅಜ್ಜಿ ಚುಕ್ಕೆಂದು ಚುಚ್ಚಿದಳು.

"ನೋಡು, ಎಷ್ಟು ಕಪ್ಪು! ಇಷ್ಟು ಕೆಟ್ಟ ರಕ್ತ ಇಟ್ಕೊಂಡು ಓಡಾಡ್ತಿದ್ಯಲ್ಲೇ ಹುಚ್ಚಿ."

ದಾರ ಬಿಗಿದ ಹೆಬ್ಬೆರಳಿನ ರಕ್ತ ಯಾರದಾದರೂ ಕಪ್ಪೇ. ಅದನ್ನು ಅಜ್ಜಿಗೆ ಹೇಳುವವರು ಯಾರು?

ಹಬ್ಬಕ್ಕೆ ಬಂದಿದ್ದ ಬೊಮಿ ಹೇಳಿದಳು. "ಅಜ್ಜಿ, ಅದು ಅಜೀರ್ಣ ಅಲ್ಲ. ಪಿತ್ತಕೋಶದಲ್ಲಿ ಕಲ್ಲು. ಬೇಸಿಗೇಲಿ ಸ್ಕ್ಯಾನ್ ಮಾಡಿ ಡಾಕ್ಟ್ರು ಹೇಳಿದ್ದಾರಲ್ಲ. ಎಣ್ಣೆ ತಿಂದಾಗ ಆ ಚೀಲ ಪಿತ್ತ ಹಿಂಡತ್ತೆ, ಕಲ್ಲು ಬಂದು ಚೀಲದ ಬಾಯಿಗೆ ಕೂರತ್ತೆ. ಅದು ಮತ್ತೆ ಒಳಗೆ ಜಾರಿದ್ರೆ ನೋವು ತಾನಾಗೇ ಹೋಗತ್ತೆ. ನೀನು ಚುಚ್ಚಿದ್ರೂ ಹೋಗತ್ತೆ, ಚುಚ್ಚದಿದ್ರೂ ಹೋಗತ್ತೆ."

"ಹಂಗಾದ್ರೆ ನಾನು ಚುಚ್ಚಿದ ಮೇಲೇ ಯಾಕೆ ಹೋಗತ್ತೆ?"

"ನೋವು ಬಂದ ಕೂಡ್ಲೇ ನೀನು ಚುಚ್ತೀಯ. ಇನ್ನು ಯಾವಾಗ ಹೋಗ್ಬೇಕು ಅದು?"

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆ ತನ್ನದೇ ಭಾರವೆಂದು ಬೀಗುತ್ತದೆ. ಸಂಜೆಯ ಹೊತ್ತಿಗೆ ಯೊನ್ಸಿಲ್ ಎದ್ದು ಪಾತ್ರೆ ತೊಳೆಯುತ್ತಿದ್ದಳು, ಅಜ್ಜಿ ಮೊಮ್ಮಗಳ ಕಡೆ ನೋಡಿ ಮೂಗು ಏರಿಸಿದಳು.

ರಾತ್ರಿ ಊಟಕ್ಕೆ ಕುಳಿತಾಗ ಮಾತು ಅಲ್ಲಿಗೇ ಬಂತು. ಬೊಮಿ ತಂದೆಯನ್ನು ಹಿಡಿದುಕೊಂಡಳು. "ಅಪ್ಪ, ಆಪರೇಷನ್ ಯಾವಾಗ? ಮೂರ್ನಾಲ್ಕು ಸಣ್ಣ ತೂತು ಅಷ್ಟೇ ಅಂತೆ. ಎರಡು ಮೂರು ದಿನಕ್ಕೆ ಮನೆಗೆ ಕಳಿಸ್ತಾರೆ. ಕಲ್ಲಿನ ಜೊತೆ ಚೀಲಾನೂ ತೆಗೀತಾರೆ, ಇಲ್ಲಾಂದ್ರೆ ಮತ್ತೆ ಕಲ್ಲಾಗತ್ತೆ."

ಅಜ್ಜಿಯ ಮಗ ದೊಕ್ಸು ಒಳ್ಳೆಯವನು. ಒಳ್ಳೆಯವನೆಂದರೆ ಯಾವ ಮಾತಿಗೂ ಇಲ್ಲವೆನ್ನದೆ ಎಲ್ಲವನ್ನೂ ಮುಂದಕ್ಕೆ ಹಾಕುವವನು. "ತೆಗೆಸೋಣ, ಬೇಡ ಅಂದೋರ್ಯಾರು? ಗಾಮ್ ಹಣ್ಣಿನ ಸುಗ್ಗಿ ಒಂದು ಮುಗೀಲಿ. ಕಿತ್ತು, ಸಿಪ್ಪೆ ತೆಗೆದು, ಒಣಗೋಕೆ ಕಟ್ಟಿದ ಮಾರನೇ ದಿನಾನೇ ಹೋಗೋಣ."

"ಬೇಡ ಅಂದೋಳು ನಾನು," ಎಂದಳು ಅಜ್ಜಿ. "ಹಸೀ ಗಾಮ್ ತಿಂದು ಹೊಟ್ಟೇಲಿ ಗಟ್ಟಿಯಾಗಿರತ್ತೆ, ಅದನ್ನೇ ಕಲ್ಲು ಅಂತಾರೆ. ಅದಕ್ಕೆ ಹೊಟ್ಟೆ ಕುಯ್ಯೋದಾ? ಪಿತ್ತಕೋಶ ತೆಗೆಸ್ಕೊಂಡು ಬಂದ್ರೆ ಊರೇನನ್ನತ್ತೆ ಗೊತ್ತಾ? ಪಿತ್ತಕೋಶ ಬಿದ್ದೋದೋಳು ಬಂದ್ಲು ಅನ್ನತ್ತೆ."

ಆ ಕಡೆ ಮಾನ ರೋಷ ಎರಡೂ ಇಲ್ಲದವರನ್ನು ಬೈಯುವ ಮಾತು ಅದು. ಗಂಡಸನ್ನು ಹಾಗೆ ಬೈದರೆ ಹೊಡೆದಾಟವೇ ಆಗುತ್ತದೆ.

ಯೊನ್ಸಿಲ್ ಅನ್ನಕ್ಕೆ ನೀರು ಹಾಕಿಕೊಳ್ಳುತ್ತಿದ್ದವಳು ತಲೆ ಎತ್ತಲಿಲ್ಲ. "ಅನ್ಲಿ ಬಿಡಿ ಅತ್ತೆ. ಈ ಮನೆಗೆ ಸೊಸೆಯಾಗಿ ಬಂದ ದಿನಾನೇ ಅದನ್ನ ಬಾಗಿಲಾಚೆ ಬಿಟ್ಟು ಬಂದಿದೀನಿ. ಈಗ ತೆಗೆಯೋದು ಬರೀ ಚೀಲ."

ದೊಕ್ಸು ನಗು ತಡೆಯಲಾರದೆ ಕೆಮ್ಮಿದ. ಬೊಮಿ ಕೈ ತಟ್ಟಿದಳು. ಅಜ್ಜಿಯೂ ನಕ್ಕಳು, ಎಲ್ಲರಿಗಿಂತ ಜೋರಾಗಿಯೇ ನಕ್ಕಳು. ಆದರೆ ಎಲ್ಲೋ ಒಂದು ಕಡೆ ಚುರುಕ್ಕೆಂದಿತು. ತಾನು ಅಷ್ಟು ಕೆಟ್ಟ ಅತ್ತೆಯೇ ಎಂದು ಆ ರಾತ್ರಿ ಹಾಸಿಗೆಯಲ್ಲಿ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಅಲ್ಲವೆಂದು ತೀರ್ಮಾನಿಸಿ ಮಲಗಿದಳು.

ಗಾಮ್ ಸುಗ್ಗಿ ಬಂದರೆ ಆ ಊರಿನಲ್ಲಿ ಸತ್ತವರಿಗೂ ಪುರುಸೊತ್ತಿಲ್ಲ ಎಂದು ಗಾದೆಯಂತೆ ಹೇಳುತ್ತಾರೆ. ಮರದ ತುಂಬ ಟೊಮೆಟೊ ಗಾತ್ರದ ಕಿತ್ತಳೆ ಬಣ್ಣದ ಹಣ್ಣು, ಒಣಗಿಸಿದರೆ ಖರ್ಜೂರದಂತೆ ಸಿಹಿ. ಬಲಿತ ಕೂಡಲೇ ಕೀಳಬೇಕು, ಮೆತ್ತಗಾಗುವ ಮುನ್ನ ಸಿಪ್ಪೆ ತೆಗೆಯಬೇಕು, ತೊಟ್ಟಿಗೆ ದಾರ ಸಿಕ್ಕಿಸಿ ಚಪ್ಪರದಲ್ಲಿ ಸಾಲಾಗಿ ತೂಗುಹಾಕಬೇಕು. ಒಂದು ಮಳೆ ಬಿದ್ದರೆ, ಎರಡು ದಿನ ಬೆಚ್ಚಗಾದರೆ ಬೂಸರು. ಸಿಪ್ಪೆ ತೆಗೆಯಲು ಯಂತ್ರವಿದೆ. ಆದರೆ ಯಂತ್ರ ಬಿಟ್ಟ ತೊಟ್ಟಿನ ಸುತ್ತಲಿನ ಸಿಪ್ಪೆಯನ್ನು ಚಾಕುವಿನಿಂದ ತೆಗೆಯುವ ಕೈ ಬೇಕು. ಅದು ಯೊನ್ಸಿಲಳ ಕೈ. ಅವಳಷ್ಟು ಬೇಗ ಮಾಡುವವರು ಆ ಬೀದಿಯಲ್ಲೇ ಇರಲಿಲ್ಲ. ಅಜ್ಜಿಗೆ ಅದು ಹೆಮ್ಮೆ. ಬೇಲಿಯಾಚೆಯ ಯೊಂಜು ಮನೆಯವಳ ಹತ್ತಿರ ಹೇಳಿಕೊಂಡಿದ್ದಳು, ಸೊಸೆಯ ಹತ್ತಿರ ಹೇಳಿರಲಿಲ್ಲ.

ಕೂಲಿಗೆ ಬಂದವರಿಗೆ ಮಧ್ಯಾಹ್ನ ಹಂದಿಮಾಂಸ ಸುಡಲೇಬೇಕು. ಅದನ್ನು ಹೆಚ್ಚುವವಳು, ಸುಡುವವಳು, ಎಲೆಯಲ್ಲಿ ಸುತ್ತಿ ಮಾವನ ಕಾಲದ ಆಳಿಗೆ ಕೊಡುವವಳು ಯೊನ್ಸಿಲ್. ತಾನು ಮಾತ್ರ ಮೂಲೆಯಲ್ಲಿ ಕುಳಿತು ನೀರು ಹಾಕಿದ ಅನ್ನ, ಬೇಯಿಸಿದ ಮೂಲಂಗಿ ತಿನ್ನುತ್ತಿದ್ದಳು. ಕೊಬ್ಬು ಬಿಟ್ಟರೆ ನೋವು ಬರುವುದು ಕಡಿಮೆಯಾಗಬಹುದು, ಕಲ್ಲೇನೂ ಕರಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

"ಒಂದು ತುಂಡು ತಿನ್ನೇ," ಅಂದ ದೊಕ್ಸು. "ಕೆಲಸಕ್ಕೆ ಶಕ್ತಿ ಬೇಡ್ವಾ? ನಾಲ್ಕು ಜನರ ಮುಂದೆ ನೀನು ನೀರು-ಅನ್ನ ತಿಂದ್ರೆ ನಾನು ಹಾಕಲ್ಲ ಅಂದ್ಕೋತಾರೆ."

"ನಿಮ್ಮ ಮರ್ಯಾದೆ ಉಳಿಸೋಕೆ ತಿಂತೀನಿ, ಸಂಜೆ ಹೊರಳಾಡೋದು ಯಾರು?"

"ಅಮ್ಮನ ಸೂಜಿ ಇದ್ಯಲ್ಲ," ಎಂದು ಅವನು ನಗೆಯಾಡಿದ.

ಅವಳು ತಿನ್ನಲಿಲ್ಲ. ಆದರೂ ನೋವು ಬಂತು. ವಾರಕ್ಕೊಮ್ಮೆ ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ ಬರತೊಡಗಿತು. ಪ್ರತಿ ಸಲವೂ ಅವಳು ಚಾಕು ಕೆಳಗಿಟ್ಟು ಒಳಗೆ ಬಂದು, ಹೆಚ್ಚು ಮಾತಿಲ್ಲದೆ ಅತ್ತೆಯ ಮುಂದೆ ಬೆನ್ನು ಮಾಡಿ ಕೂರುತ್ತಿದ್ದಳು. ಅಜ್ಜಿ ಕನ್ನಡಕ ಹುಡುಕುತ್ತ, "ಬಂದ್ಯಾ? ನಿನ್ನ ಹೊಟ್ಟೆಗೂ ನನ್ನ ಸೂಜಿಗೂ ಯಾವ ಜನ್ಮದ ನಂಟೋ," ಎನ್ನುತ್ತ ಸವರಲು ಶುರುಮಾಡುವಳು. ಬೆನ್ನಿನ ಮೂಳೆ ಕೈಗೆ ಸಿಗತೊಡಗಿದ್ದು ಅಜ್ಜಿಗೆ ತಿಳಿಯಿತು. ಸುಗ್ಗಿಯ ದಣಿವು ಅಂದುಕೊಂಡಳು. ಹಸಿರು ಪ್ಲಮ್ ಹಣ್ಣಿನ ಪಾನಕವನ್ನು ಬಿಸಿನೀರಿಗೆ ಬೆರೆಸಿ ಕುಡಿಸಿದಳು. ಕಲ್ಲು ಕರಗಿಸುವ ಸೊಪ್ಪು ಅಂತ ಸಂತೆಯಿಂದ ತಂದು ಕಷಾಯ ಕಾಸಿದಳು. ಪ್ರೀತಿ ಇಲ್ಲದವಳು ಇಷ್ಟೆಲ್ಲ ಮಾಡುತ್ತಾಳೆಯೇ? ಮಾಡಿದಳು, ಬೈಯುತ್ತಲೇ ಮಾಡಿದಳು.

ನವೆಂಬರ್ ನಡುವಿನಲ್ಲಿ ಯೊನ್ಸಿಲಳ ಅಂಗೈ ಹಳದಿಯಾಗಿತ್ತು. ಆ ಕಾಲದಲ್ಲಿ ಆ ಊರಿನಲ್ಲಿ ಯಾರ ಅಂಗೈ ಹಳದಿಯಾಗಿರಲಿಲ್ಲ? ಗಾಮ್ ಹಣ್ಣು ತಿಂದು, ಸಂಜೆ ಬುಟ್ಟಿಗಟ್ಟಲೆ ಕಿತ್ತಳೆ ಸುಲಿದು ತಿಂದು, ಎಲ್ಲರ ಮೈಯೂ ಬಣ್ಣಕ್ಕೆ ತಿರುಗುವುದು ವರ್ಷವರ್ಷದ ತಮಾಷೆ. ಯೊಂಜು ಮನೆಯವಳು ಬೇಲಿಯಾಚೆಯಿಂದಲೇ ಕೂಗಿದಳು: "ಏನಮ್ಮ ಯೊನ್ಸಿಲ್, ನೀನೂ ಹಣ್ಣಾಗ್ಬಿಟ್ಟೆ! ತೊಟ್ಟು ಹಿಡಿದು ಚಪ್ಪರಕ್ಕೆ ತೂಗಾಕಿಯಾರು ನಿಮ್ಮತ್ತೆ!"

"ತೂಗಾಕಿದ್ರೆ ಕೂಳು ಯಾರು ಬೇಯಿಸ್ತಾರೆ?" ಅಂದಳು ಅಜ್ಜಿ. ಮೂವರೂ ನಕ್ಕರು. ಹಣ್ಣಿನ ಬಣ್ಣ ಕಣ್ಣಿನ ಬಿಳಿಗೆ ಏರುವುದಿಲ್ಲ ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಅಜ್ಜಿಯ ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲವಾಗಿತ್ತು. ಅವಳಿಗೆ ಜಗತ್ತೇ ಸ್ವಲ್ಪ ಹಳದಿ.

ಅದಾದ ಒಂದೆರಡು ದಿನಕ್ಕೆ, ಭಾನುವಾರ ಬೆಳಗ್ಗೆ, ಯೊನ್ಸಿಲ್ ಎದ್ದಾಗಲೇ ನಡುಗುತ್ತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ಬಿಸಿ ನೆಲದ ಮೇಲೆ ಎರಡು ರಜಾಯಿ ಹೊದ್ದರೂ ನಡುಕ ನಿಲ್ಲಲಿಲ್ಲ. ದೊಕ್ಸು ಹಣ್ಣಿನ ಪೆಟ್ಟಿಗೆಗಳನ್ನು ತುಂಬಿಕೊಂಡು ಆಗಲೇ ಮಂಡಿಗೆ ಹೋಗಿದ್ದ.

"ಅತ್ತೆ," ಎಂದಳು, "ಇವತ್ತು ಆಸ್ಪತ್ರೆಗೆ ಹೋಗ್ಬರ್ಲಾ?"

ಹೋಗುತ್ತೇನೆ ಅಂದಿದ್ದರೆ ಬೇರೆ ಮಾತು. ಹೋಗ್ಬರ್ಲಾ ಎಂದು ಕೇಳಿದಳು. ಕೇಳಿದ ಮೇಲೆ ಉತ್ತರ ಕೊಡುವುದು ಅಜ್ಜಿಯ ಪಾಲಿಗೆ ಬಂತು.

"ಭಾನುವಾರ ಯಾವ ಡಾಕ್ಟ್ರು ಕೂತಿರ್ತಾನೆ? ಇದು ದಣಿವಿನ ಜ್ವರ ಕಣೆ. ಬೆವರು ಒಡೆದ್ರೆ ಇಳಿದೋಗತ್ತೆ. ಕೊನೇ ಚಪ್ಪರ ಒಂದು ಉಳಿದಿದೆ, ಅಷ್ಟೇ ತಾನೇ? ಕೊಡು ಕೈ."

ಆವತ್ತು ಹೆಬ್ಬೆರಳಿಗೆ ಮಾತ್ರ ಸಾಲದೆಂದು ಹತ್ತು ಬೆರಳಿಗೂ ಚುಚ್ಚಿದಳು. ಬೆನ್ನು ಎಂದಿಗಿಂತ ಹೆಚ್ಚು ಹೊತ್ತು ಸವರಿದಳು. ಮಧ್ಯಾಹ್ನಕ್ಕೆ ನಿಜವಾಗಿಯೂ ಬೆವರು ಒಡೆಯಿತು, ನಡುಕ ನಿಂತಿತು. ಯೊನ್ಸಿಲ್ ಎದ್ದು ಗಂಜಿ ಕುಡಿದು, ಚಾಕು ತೆಗೆದುಕೊಂಡು ಚಪ್ಪರದ ಕಡೆ ಹೋದಳು. ನೋಡಿದ್ಯಾ ಎಂದು ಅಜ್ಜಿ ತನ್ನ ಕೈಗೇ ಹೇಳಿಕೊಂಡಳು.

ಮಂಗಳವಾರ ಬೊಮಿಯ ಅಂಗಡಿಗೆ ರಜೆ. ಬಸ್ಸಿಳಿದು ಬಂದವಳೇ ಅಮ್ಮನ ತಲೆ ನೋಡಿ ಹಣೆ ಚಚ್ಚಿಕೊಂಡಳು. "ಊರಿನ ಹೆಂಗಸರ ತಲೆಗೆಲ್ಲ ಬಣ್ಣ ಹಾಕ್ತೀನಿ, ನನ್ನಮ್ಮ ನೋಡಿದ್ರೆ ಹಿಂಗೆ! ಬಾ ಅಂಗಳಕ್ಕೆ." ಕುರ್ಚಿ ಹಾಕಿ, ಕತ್ತಿಗೆ ಟವೆಲ್ ಸುತ್ತಿ, ಬಣ್ಣ ಕಲಸಿ, ತಲೆಯನ್ನು ಹಿಂದಕ್ಕೆ ಬಾಗಿಸಿದಳು. ಬಿಸಿಲು ನೇರವಾಗಿ ಮುಖದ ಮೇಲೆ ಬಿತ್ತು. ಯೊನ್ಸಿಲ್ ಕಣ್ಣು ಬಿಟ್ಟು ಮಗಳನ್ನು ನೋಡಿ ನಕ್ಕಳು.

ಬೊಮಿಯ ಕೈ ನಿಂತಿತು. "ಅಮ್ಮ, ಕಣ್ಣು ಅಗಲ ಬಿಡು. ನಿನ್ನ ಕಣ್ಣು..."

"ಏನಾಯ್ತು?"

"ಅರಿಶಿನದ ಥರ ಇದೆ. ಉಚ್ಚೆ ಯಾವ ಬಣ್ಣ ಹೋಗ್ತಿದೆ? ಸುಳ್ಳು ಹೇಳ್ಬೇಡ."

ಯೊನ್ಸಿಲ್ ಕತ್ತಿನ ಟವೆಲಿನ ತುದಿ ಸರಿಮಾಡಿಕೊಂಡಳು. "ಕಡು ಕಂದು, ಬಾರ್ಲಿ ಟೀ ಥರ. ಒಂದು ವಾರ ಆಯ್ತು. ಸುಗ್ಗಿ ಮುಗೀಲಿ ಅಂತ..."

"ಅಜ್ಜಿ!" ಎಂದು ಬೊಮಿ ಕೂಗಿದ ಕೂಗಿಗೆ ಬೇಲಿಯಾಚೆ ಯೊಂಜು ಮನೆಯವಳೂ ಎದ್ದು ನಿಂತಳು. "ದಿನಾ ಕೈ ಹಿಡ್ಕೊಂಡು ಕೂತಿರ್ತೀಯಲ್ಲ, ಮುಖ ನೋಡ್ಲಿಲ್ವಾ ನೀನು?"

ತಲೆಗೆ ಮೆತ್ತಿದ್ದ ಅರ್ಧ ಬಣ್ಣದಲ್ಲೇ ಅವಳನ್ನು ಕರೆದುಕೊಂಡು ಹೋದರು. ಪಟ್ಟಣದ ಆಸ್ಪತ್ರೆಯವರು ನೋಡಿದ ಕೂಡಲೇ ದೇಗುವಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ದೊಕ್ಸುವಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಚೀಲದೊಳಗಿದ್ದ ಒಂದು ಕಲ್ಲು ಹೊರಗೆ ಜಾರಿ, ಪಿತ್ತ ಹರಿಯುವ ನಾಳಕ್ಕೆ ಅಡ್ಡ ಕೂತಿದೆ. ಪಿತ್ತ ಹೋಗಲು ದಾರಿಯಿಲ್ಲದೆ ಮೈಗೆ ಏರಿದೆ, ಅದಕ್ಕೇ ಹಳದಿ. ನಿಂತ ಪಿತ್ತ ಕೀವಾಗಿದೆ, ಅದಕ್ಕೇ ಆ ನಡುಕ. ನಡುಕ ಬಂದ ದಿನವೇ ತಂದಿದ್ದರೆ ಎಂದು ಶುರುಮಾಡಿ, ದೊಕ್ಸುವಿನ ಮುಖ ನೋಡಿ ಅವರು ಮಾತು ನುಂಗಿಕೊಂಡರು. ಬಾಯಿಯಿಂದ ಕೊಳವೆ ಇಳಿಸಿ ಕಲ್ಲು ತೆಗೆದರು, ಕೀವು ಹರಿಯಲು ದಾರಿ ಮಾಡಿದರು. ಆದರೆ ವಿಷ ಅಷ್ಟರಲ್ಲಿ ರಕ್ತಕ್ಕೆ ಇಳಿದಿತ್ತು.

ಅಜ್ಜಿಯನ್ನು ಮರುದಿನ ಒಳಗೆ ಬಿಟ್ಟರು. ಬಾಯಿಗೆ ಬಟ್ಟೆ, ಮೈಗೆ ನೀಲಿ ಅಂಗಿ ತೊಡಿಸಿ, ಹೆಚ್ಚು ಹೊತ್ತು ಇರಬೇಡಿ ಎಂದರು. ಯೊನ್ಸಿಲಳ ತಲೆಯಲ್ಲಿ ಒಂದು ಕಡೆ ಕಪ್ಪು, ಒಂದು ಕಡೆ ನರೆ. ಎಚ್ಚರವಿತ್ತು.

"ಬಂದ್ರಾ ಅತ್ತೆ. ಊಟ ಆಯ್ತಾ?"

"ನನ್ನ ಊಟ ಕಟ್ಕೊಂಡು ನಿಂಗೇನೇ," ಎಂದಳು ಅಜ್ಜಿ. ಬೈಗುಳದಂತೆ ಹೊರಟದ್ದು ಅಳುವಾಗಿ ಮುಗಿಯಿತು. "ಇಷ್ಟು ಆಗೋವರ್ಗೂ ಬಾಯಿ ಬಿಡ್ಲಿಲ್ವಲ್ಲೇ. ನಾನು ಮುದುಕಿ, ಬರೀ ಅಜೀರ್ಣ ಅಂದ್ಕೊಂಡೆ. ನಿಂಗಾದ್ರೂ ಗೊತ್ತಾಗ್ಬಾರ್ದಾ?"

"ಗೊತ್ತಿತ್ತು ಅತ್ತೆ. ಕಲ್ಲು ಅಂತಾನೂ ಗೊತ್ತಿತ್ತು, ಸೂಜಿಗೆ ಹೋಗಲ್ಲ ಅಂತಾನೂ ಗೊತ್ತಿತ್ತು."

"ಮತ್ಯಾಕೆ ಬಂದು ಬಂದು ಕೈ ಕೊಡ್ತಿದ್ದೆ?"

ಯೊನ್ಸಿಲ್ ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ನೀವು ಬೆನ್ನು ಸವರ್ತಿದ್ರಲ್ಲ, ಅದಕ್ಕೆ. ನಮ್ಮಮ್ಮ ಹೋದ್ಮೇಲೆ ಯಾರೂ ಸವರಿರ್ಲಿಲ್ಲ. ಬೇರೆ ದಿನ ನೀವು..." ಎಂದು ನಿಲ್ಲಿಸಿ, ನಾಚಿಕೊಂಡವಳಂತೆ ನಕ್ಕಳು. "ಮಗು ಥರ ಆಯ್ತಲ್ವಾ? ಈ ವಯಸ್ಸಿಗೆ."

ಅಜ್ಜಿ ಆಗ ಅವಳ ಬೆನ್ನು ಸವರಬೇಕೆಂದು ಕೈ ಚಾಚಿದಳು. ಎಲ್ಲಿ ಮುಟ್ಟುವುದು? ಕತ್ತಿಗೆ ಕೊಳವೆ, ಪಕ್ಕೆಗೆ ಕೊಳವೆ, ಎರಡೂ ತೋಳಿಗೆ ಸೂಜಿ. ಬೆನ್ನು ಹಾಸಿಗೆಗೆ ಅಂಟಿತ್ತು. ಕೊನೆಗೆ ಹೊದಿಕೆಯ ತುದಿ ಸರಿಸಿ ಪಾದ ಹಿಡಿದುಕೊಂಡಳು. ಅತ್ತೆ ಸೊಸೆಯ ಪಾದ ಹಿಡಿಯುವುದೇ ಎಂದು ಯೊನ್ಸಿಲ್ ಎಳೆದುಕೊಳ್ಳಲು ನೋಡಿದಳು, ಶಕ್ತಿಯಿರಲಿಲ್ಲ. ನರ್ಸ್ ಬಂದು ಹೊತ್ತಾಯಿತು ಎನ್ನುವವರೆಗೂ ಅಜ್ಜಿ ಬಿಡಲಿಲ್ಲ.

ಆ ರಾತ್ರಿ ಯೊನ್ಸಿಲಳಿಗೆ ಎಚ್ಚರ ತಪ್ಪಿತು, ಮತ್ತೆ ಬರಲಿಲ್ಲ. ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

ಕೊನೆಯ ಚಪ್ಪರದ ಹಣ್ಣನ್ನು ನೆರೆಯವರು ಬಂದು ಕಟ್ಟಿಕೊಟ್ಟರು. ದೊಕ್ಸು ಅದರ ಕಡೆ ಹೋಗಲೂ ಇಲ್ಲ. ಒಂದು ದಿನ ಮಧ್ಯಾಹ್ನ ಕುಡಿದು ಬಂದು ಅಮ್ಮನ ಮುಂದೆ ಕುಸಿದು ಕುಳಿತ. "ಸುಗ್ಗಿ ಮುಗೀಲಿ ಅಂದೋನು ನಾನು, ಅಮ್ಮಾ. ಎಲ್ರೂ ನಿನ್ನ ಸೂಜಿ ಸೂಜಿ ಅಂತಾರೆ. ಅಂದೋನು ನಾನು."

"ಸುಮ್ನಿರೋ."

"ಅವಳು ಒಂದು ಸಲಾನೂ ನನ್ನ ಹತ್ರ ಹೋಗೋಣ ಅನ್ಲಿಲ್ಲ. ಅಂದಿದ್ರೆ ಕರ್ಕೊಂಡು ಹೋಗ್ತಿರ್ಲಿಲ್ವಾ ನಾನು?"

ಅಂದಿದ್ದಳು. ನನ್ನ ಹತ್ತಿರ ಅಂದಿದ್ದಳು. ಅಜ್ಜಿಯ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಉಂಡ ತುತ್ತು ಸಿಕ್ಕಿಕೊಳ್ಳುವುದು ಹೇಗಿರುತ್ತದೆಂದು ಊರಿಗೆಲ್ಲ ಚುಚ್ಚಿದವಳಿಗೆ ಈಗ ಗೊತ್ತಾಯಿತು.

ಬೊಮಿ ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಉಳಿದಳು. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಅಜ್ಜಿಯೊಂದಿಗೆ ಬೇಕಾದಷ್ಟೇ ಮಾತಾಡಿದಳು. ಒಂದು ಬೆಳಗ್ಗೆ ಸೋಯಾ ಸಾರು ಬಡಿಸಿದಾಗ ಅಜ್ಜಿ ಒಂದು ಚಮಚ ಬಾಯಿಗಿಟ್ಟು, "ಉಪ್ಪು..." ಎಂದು ಶುರುಮಾಡಿ ತಡೆದಳು. "ಚೆನ್ನಾಗಿದೆ ಕಣೆ. ತುಂಬ ಚೆನ್ನಾಗಿದೆ."

ಬೊಮಿ ಚಮಚವನ್ನು ಟಪ್ಪೆಂದು ಕೆಳಗಿಟ್ಟಳು. "ಅಮ್ಮನಿಗೆ ಒಂದೇ ಒಂದು ಸಲ ಅಂದಿದ್ಯಾ ಇದನ್ನ?"

"ಇಲ್ಲ."

"ಬಾಯಿ ಸವೆದು ಹೋಗ್ತಿತ್ತಾ?"

"ಅವಳಿಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ."

"ಗೊತ್ತಿತ್ತು ಅಜ್ಜಿ. ಅವಳಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ರೂ ಕೇಳ್ಬೇಕು ಅನ್ಸಲ್ವಾ ಮನುಷ್ಯರಿಗೆ?"

ದೊಕ್ಸು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದ. ಮೂವರಲ್ಲಿ ಯಾರ ಬಟ್ಟಲೂ ಅವತ್ತು ಖಾಲಿಯಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಎಲ್ಲ ಊರಿನ ಮಾತೇ ಇರಬೇಕು. ಅದೇ ವಾರ ಯೊಂಜು ಮನೆಯವಳು ಹೊಟ್ಟೆ ಹಿಡಿದುಕೊಂಡು ಬಂದು ಹೆಬ್ಬೆರಳು ಚಾಚಿದಳು. ಅಜ್ಜಿ ಅವಳನ್ನು ಬಸ್ ನಿಲ್ದಾಣದವರೆಗೆ ಬೈಯುತ್ತ ಅಟ್ಟಿಕೊಂಡು ಹೋಗಿ ಡಾಕ್ಟರ ಹತ್ತಿರ ಕಳಿಸಿದಳು. ಅವಳಿಗಾಗಿದ್ದದ್ದು ಬರಿಯ ಅಜೀರ್ಣ. ಅವಳು ಅಜ್ಜಿಯೊಂದಿಗೆ ಮಾತು ಬಿಟ್ಟಳು.

ಪಿತ್ತದ ಕಲ್ಲು ಕೆಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಬರುವುದುಂಟು, ಒಮ್ಮೆ ತೋರಿಸಿಕೊಳ್ಳಿ ಎಂದು ದೇಗುವಿನ ಡಾಕ್ಟರು ಬೊಮಿಗೆ ಹೇಳಿದ್ದರು. ಹೊಸ ವರ್ಷ ಕಳೆದ ಮೇಲೆ ಅವಳು ಪಟ್ಟಣದ ಕ್ಲಿನಿಕ್ಕಿಗೆ ಹೊರಟಳು. ಅಜ್ಜಿ ಕೇಳದೆಯೇ ಕೋಟು ಹಾಕಿಕೊಂಡು ಹಿಂದೆಯೇ ಹೊರಟಳು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕುಳಿತರು.

ಡಾಕ್ಟರಮ್ಮ ಬೊಮಿಯ ಪಕ್ಕೆಯ ಮೇಲೆ ಯಂತ್ರ ಆಡಿಸಿ, ಪರದ ಕಡೆ ಬೆರಳು ತೋರಿಸಿದರು. "ಎರಡಿವೆ. ಸಣ್ಣವು. ಯಾವತ್ತಾದ್ರೂ ಇಲ್ಲಿ ನೋವು ಬಂದಿತ್ತಾ?"

"ಇಲ್ಲ."

"ಹಾಗಾದ್ರೆ ಇರ್ಲಿ ಬಿಡಿ. ಆಗಾಗ ಬಂದು ತೋರಿಸ್ಕೊಂಡ್ರೆ ಸಾಕು."

"ಇರ್ಲಿ ಬಿಡಿ?" ಬಾಗಿಲ ಬಳಿ ನಿಂತಿದ್ದ ಅಜ್ಜಿ ಮುಂದೆ ಬಂದಳು. "ಏನು ಇರ್ಲಿ ಬಿಡಿ? ತೆಗೀರಿ. ಇವತ್ತೇ ತೆಗೀರಿ. ಚೀಲ ಗೀಲ ಎಲ್ಲಾ ತೆಗೆದಾಕ್ಬಿಡಿ, ಒಂದು ಚೂರೂ ಒಳಗೆ ಬಿಡ್ಬೇಡಿ."

"ಅಜ್ಜಿ, ಕಲ್ಲಿರೋ ಎಷ್ಟೋ ಜನಕ್ಕೆ ಜೀವಮಾನದಲ್ಲಿ ಒಂದು ಸಲಾನೂ ನೋವು ಬರಲ್ಲ. ತೊಂದ್ರೆ ಕೊಡದೇ ಇರೋ ಕಲ್ಲಿಗೆ ಆಪರೇಷನ್ ಮಾಡಲ್ಲ ನಾವು. ತೊಂದ್ರೆ ಶುರುವಾದ್ರೆ ಮಾತ್ರ ತಡ ಮಾಡ್ಬಾರ್ದು. ನೋವು ಬಂದು ಹೋದ್ರೂ ಬಂದು ತೋರಿಸ್ಬೇಕು, ಹೋಯ್ತಲ್ಲ ಅಂತ ಸುಮ್ನಿರ್ಬಾರ್ದು. ನೋವಿನ ಜೊತೆ ಜ್ವರ, ನಡುಕ, ಕಣ್ಣು ಹಳದಿ, ಇದ್ರಲ್ಲಿ ಯಾವುದು ಬಂದ್ರೂ ಆ ದಿನವೇ ಆಸ್ಪತ್ರೆ."

"ನೋವು ಬಂದ್ರೆ ಇವಳು ಹೇಳಲ್ಲ ಡಾಕ್ಟ್ರೇ. ಇವಳು ಅವಳ ಮಗಳು."

ಡಾಕ್ಟರಮ್ಮ ಯಂತ್ರ ಒರೆಸಿ ಪಕ್ಕಕ್ಕಿಟ್ಟರು. ಬೊಮಿ ಅಂಗಿ ಸರಿಮಾಡಿಕೊಂಡು ಎದ್ದಳು, ಅಜ್ಜಿಯ ತೋಳು ಹಿಡಿದು ಹೊರಗೆ ಕರೆತಂದಳು.

ಬಸ್ ನಿಲ್ದಾಣದಲ್ಲಿ ಗಾಳಿ ಕೊರೆಯುತ್ತಿತ್ತು. ಬೊಮಿ ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಪಕ್ಕದಲ್ಲೇ ಕುಳಿತಳು. ತಾಯಿ ಸತ್ತ ಮೇಲೆ ಅವಳು ಅಷ್ಟು ಹತ್ತಿರ ಕುಳಿತದ್ದು ಅದೇ ಮೊದಲು. ಅಜ್ಜಿಯ ಕೈ ಚಳಿಗೆ ಮರಗಟ್ಟಿತ್ತು. ಅದನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡಳು.

"ಹೇಳ್ತೀನಿ ಅಜ್ಜಿ," ಎಂದಳು. "ನೋವು ಬಂದ್ರೆ ಹೇಳ್ತೀನಿ. ಮೊದ್ಲು ನಿಂಗೇ ಫೋನ್ ಮಾಡ್ತೀನಿ. ಸರೀನಾ?"

ಇಷ್ಟು ದಿನ ಅಜ್ಜಿ ಕಾದದ್ದು ಈ ಮೆತ್ತನೆಯ ಮಾತಿಗೇ. ಮಗುವಾಗಿದ್ದಾಗ ಬಿದ್ದು ಮೊಣಕಾಲು ತರಚಿದರೂ ಮೊದಲು ಅಜ್ಜೀ ಎಂದು ಓಡಿಬರುತ್ತಿದ್ದವಳು. ಹೂಂ ಅನ್ನಲು ಅಜ್ಜಿ ಬಾಯಿ ತೆರೆದಳು. ಆಗುವುದಿಲ್ಲವೆಂದು ಅವಳಿಗೇ ಗೊತ್ತಾಯಿತು.

"ಬೇಡ," ಎಂದಳು. "ನಂಗೆ ಮಾತ್ರ ಹೇಳ್ಬೇಡ."

"ಯಾಕೆ?"

"ನಿಮ್ಮಮ್ಮ ನಡುಗ್ತಾ ಇದ್ದಾಗ ಕೇಳಿದ್ಲು ಕಣೆ, ಆಸ್ಪತ್ರೆಗೆ ಹೋಗ್ಬರ್ಲಾ ಅಂತ. ನನ್ನನ್ನೇ ಕೇಳಿದ್ಲು. ನಾನು ಬೇಡ ಅಂದೆ."

ಜೇಬಿನೊಳಗೆ ಅಜ್ಜಿಯ ಕೈ ಉಜ್ಜುತ್ತಿದ್ದ ಬೊಮಿಯ ಬೆರಳುಗಳು ನಿಂತುಬಿಟ್ಟವು. ತನ್ನ ಕೈಯನ್ನು ಹೊರಗೆ ತೆಗೆಯುವವಳು ಅವಳೋ ತಾನೋ ಎಂದು ಅಜ್ಜಿ ಕಾದಳು. ಕೊನೆಗೆ ತಾನೇ ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಯಾರನ್ನೂ ಕೇಳ್ಬೇಡ. ನೇರ ಆಸ್ಪತ್ರೆಗೆ ಹೋಗು," ಎಂದಳು. ಬಸ್ಸು ಬಂದು ನಿಂತಿತು, ಇಬ್ಬರೂ ಏಳಲಿಲ್ಲ.